ಲ್ಯಾಕ್ಟೋಮೀಟರಿನಲ್ಲಿ ಕಡಲು

ಬುಧವಾರ ಬೆಳಗಿನ ಜಾವ ಮೀನಿನ ಲಾರಿ
ಕಟ್ಟಿನಕೆರೆ ಮಾರುಕಟ್ಟೆಗೆ ಹೋಗುವ ಮೊದಲು
ನಮ್ಮ ಗೇಟಿನ ಮುಂದೆ ನಿಲ್ಲುತ್ತದೆ.
ಹೊತ್ತು ಮುಳುಗುವ ಮುಂಚೆ ಉಂಡೇಳುವ ಜೈನರ ಮನೆ;
ಎದುರು ಮನೆಯ ಪರದೆ ಒಂದಿಂಚು ಸರಿಯುತ್ತದೆ.
ಇಸುಬು ಇಳಿಸುವುದು ಎರಡೇ ಕ್ಯಾನು, ನೀಲಿ,
ಮುಚ್ಚಳಕ್ಕೆ ಸೈಕಲ್ ಟ್ಯೂಬು ಬಿಗಿದದ್ದು.
ಶಿರಾಡಿಯ ತಿರುವುಗಳೆಲ್ಲ ಇನ್ನೂ ಅವುಗಳೊಳಗೆ
ಗುಳುಗುಳು ಅನ್ನುತ್ತಿರುತ್ತವೆ.

ಮೊದಲ ಸಲ ಚೆಕ್‌ಪೋಸ್ಟಿನಲ್ಲಿ
ಏನಯ್ಯಾ ಇದು, ಅಂದರಂತೆ.
ಸಮುದ್ರ ಸಾರ್, ಅಂದನಂತೆ.
ಪೇದೆ ಬೆರಳದ್ದಿ ನೆಕ್ಕಿ, ಉಗಿದು,
ರಿಜಿಸ್ಟರಿನ ಯಾವ ಕಾಲಮ್ಮಿಗೂ ಸೇರದ್ದನ್ನು
ಹಾಗೇ ಬಿಟ್ಟನಂತೆ.

ನಾನು ಡೈರಿಯ ಲ್ಯಾಬಿನವಳು.
ಹತ್ತೊಂಬತ್ತು ವರ್ಷದಿಂದ ಹಾಲಿಗೆ ನೀರು ಹಾಕಿದವರ
ಮುಖ ನೋಡದೆ ಊರು ಹೇಳುತ್ತೇನೆ.
ಮಗಳ ಹಟಕ್ಕೆ ತಂದ ಮೀನು ಎರಡು,
ಅಂಗಡಿಯ ಉಪ್ಪಿನ ಬೆಲೆ ಕೇಳಿ ಎದೆಯೊಡೆದು
ಇಸುಬುವನ್ನು ಹಿಡಿದದ್ದು.
ಮೊದಲ ಕ್ಯಾನಿನ ದಿನ ಬೇರೇನೂ ತೋಚದೆ
ಹಳೆಯ ಲ್ಯಾಕ್ಟೋಮೀಟರನ್ನೇ ಕಡಲಿಗೆ ಇಳಿಬಿಟ್ಟೆ.
ಕುಣಿದು, ತೂಗಿ, ನಿಂತಿತು:
ಇಪ್ಪತ್ತೈದು.
ಹಾಲಾಗಿದ್ದರೆ ವಾಪಸ್ ಕಳಿಸುತ್ತಿದ್ದೆ.

ಎರಡು ವಾರ ಕತ್ತಲಲ್ಲಿಡಿ, ಎಂದಿದ್ದ ಮೀನಂಗಡಿಯವನು,
ನೀರಿನ ಸಣ್ಣ ಜೀವವೆಲ್ಲ ಸತ್ತು ತಳ ಸೇರಲಿ.
ಅದನ್ನು ಅತ್ತೆಯ ಎದುರಿಗೇ ಹೇಳಿಬಿಟ್ಟೆ.
ಮರುದೇವಮ್ಮ ಮಾತಾಡಲಿಲ್ಲ.
ಒಳಗೆ ಹೋಗಿ, ತಮ್ಮ ಬಿಳಿ ಬಟ್ಟೆ ತಂದು, ಎರಡು ಪದರ ಮಡಿಸಿ,
ಬಕೆಟ್ಟಿನ ಬಾಯಿಗೆ ಕಟ್ಟಿದರು.
ನಮ್ಮ ನಲ್ಲಿಯ ಹೇಮಾವತಿಗೆ ಹೇಗೋ ಹಾಗೆಯೇ
ಅರಬ್ಬಿ ಸಮುದ್ರಕ್ಕೂ.
ಆಮೇಲೆ ಕೇಳಿದರು:
ಬಟ್ಟೆಯಲ್ಲಿ ಉಳಿದವರನ್ನು ಎಲ್ಲಿ ಬಿಡುತ್ತೀ?

ಬಂದ ಬಾವಿಗೇ ಬಿಡಬೇಕಲ್ಲ, ಅದು ಅವರ ಲೆಕ್ಕ.

ಅಂದಿನಿಂದ ಖಾಲಿ ಕ್ಯಾನಿನ ಜೊತೆ
ಒಂದು ಬಾಟಲಿಯೂ ಘಟ್ಟ ಇಳಿಯುತ್ತದೆ,
ಬಟ್ಟೆ ಜಾಲಿಸಿದ ನೀರು.
ಇಸುಬು ಅದನ್ನು ಅಲೆ ದಾಟಿ ಸುರಿಯುತ್ತಾನೋ
ತೊಕ್ಕೊಟ್ಟಿನ ಚರಂಡಿಗೋ, ನಾನು ಕೇಳಿಲ್ಲ.
ಮೀನಿನ ತಿಂಡಿಯ ಡಬ್ಬಿಯ ಮೇಲೆ ಏನು ಬರೆದಿದೆಯೆಂದು
ಅತ್ತೆಯೂ ಕೇಳಿಲ್ಲ.
ಕಿತ್ತಳೆ ಮೈಗೆ ಬಿಳಿ ಪಟ್ಟೆ ಮೂರು;
ಅವನ್ನು 'ಶೈವರು' ಎನ್ನುತ್ತಾರೆ, ಕಾಳಜಿಯಿಂದಲೇ.

ಸಂಜೆ ಗಾಜಿನ ಮೇಲಿನ ಗೆರೆ ಒಂದು ಬೆರಳು ಇಳಿದಿರುತ್ತದೆ.
ಆರಿಹೋಗುವುದು ನೀರೊಂದೇ, ಉಪ್ಪು ಎಲ್ಲಿಗೂ ಹೋಗದು.
ಒಂದು ಚೊಂಬು ತಿಳಿನೀರು ಹುಯ್ಯುತ್ತೇನೆ.
ಉಪ್ಪು ತಿಂದವರು ನೀರು ಕುಡಿಯಲೇಬೇಕು,
ಉಪ್ಪೇ ಆದರೂ.

ಆಷಾಢದ ಎರಡನೇ ಬುಧವಾರ
ಲ್ಯಾಕ್ಟೋಮೀಟರು ಮುಳುಗಿ ಮುಳುಗಿ
ಹದಿನೇಳರಲ್ಲಿ ನಿಂತಿತು.
ಮೈಯೆಲ್ಲ ಲ್ಯಾಬಿನವಳಾಗಿ ಗೇಟಿಗೆ ಓಡಿದೆ:
ಯಾರೋ ನೀರು ಹಾಕಿದ್ದಾರೆ ಇದಕ್ಕೆ, ಇಸುಬು!

ಅವನು ಬೀಡಿ ಆರಿಸಿ, ನನ್ನ ತಲೆಯ ಮೇಲಿನಿಂದ,
ಬಿಸಿಲೆ ಕಡೆಯ ಕಪ್ಪು ಮೋಡ ನೋಡಿದ.
ನಿಮ್ಮವರೇ ಅಕ್ಕ, ಅಂದ.
ಇಲ್ಲಿ ಸುರಿದದ್ದೆಲ್ಲ ನೇತ್ರಾವತಿ ಹೊತ್ತು ತಂದು
ನಮ್ಮ ಬಾಗಿಲಿಗೇ ಹುಯ್ಯುವುದು.

ಎರಡೂ ಕ್ಯಾನು ವಾಪಸ್ ಕಳಿಸಿದೆ.
ಮೇಲೆ ಅತ್ತೆಯ ಬಾಟಲಿ, ಎಂದಿನಂತೆ.