ಉಸಿರು ಹಿಡಿದುಕೊಳ್ಳಿ

ನವನಗರದ ದವಾಖಾನಿ, ರಾತ್ರಿ ಒಂದೂವರಿ.
ಹಳೇ ಧೋತರದ ತುಂಡಿನಾಗ ಸುತ್ತಿ ತಂದಾನ ಯಮನೂರ.
"ಕೊಯ್ಯಬ್ಯಾಡ್ರಿ" ಅಂದಳು ಅವನವ್ವ ಫಕೀರವ್ವ,
ಬಾಗಿಲ ಹಿಡಕೊಂಡು, ಮೂರು ಸಲ.
ಕೊಯ್ಯೂದಿಲ್ಲ ಯವ್ವಾ, ಬರೇ ನೋಡತೀವಿ,
ಬೆಳಕು ಹಿಡಿದು ನೋಡಿದಂಗ, ಅಂದೆ.
ಬೆಳಕಲ್ಲ, ಅಯಸ್ಕಾಂತ. ಆದ್ರೂ ಅಂದೆ.
ಧೋತರಕ್ಕ ಚುಚ್ಚಿದ್ದ ಪಿನ್ನು ತಗದು ಕಿಸೇಕ ಹಾಕಿದೆ.

ನಲವತ್ತು ನಿಮಿಷದ ಮನಷ್ಯಾ.
ಹೆಸರಿನ ಖಾನೆಗೆ 'ರುದ್ರವ್ವನ ಕೂಸು' ಅಂತ ಬರದೆ.
ವಯಸ್ಸಿನ ಖಾನೆ ವರ್ಷ ಕೇಳತೈತಿ, ಸೊನ್ನೆ ಒತ್ತಿದೆ.
ದೊಡ್ಡವರ ಟೇಬಲ್ಲು.
ಉಳಿದ ಜಾಗ ನೋಡಬಾರದು.

ಆರಿಸೂದು ಮರತಿದ್ದೆ
ಮಷೀನಿನ ಹೆಣ್ಣದನಿ, ದಿನಾ ಹೇಳೂ ಮಾತು:
"ಉಸಿರು ಒಳಗೆ ತೆಗೆದುಕೊಳ್ಳಿ.
ಹಿಡಿದುಕೊಳ್ಳಿ."
ಇಷ್ಟು ಅಲುಗದ ರೋಗಿ ನಮಗ ಸಿಗೂದಿಲ್ಲ.
ಚಿತ್ರ ಎಷ್ಟು ಸ್ವಚ್ಛ! ಒಂದು ಗಳಿಗಿ ಖುಷಿಯಾತು,
ಆಮ್ಯಾಲೆ ನಾಚಿಕಿ.
"ಈಗ ಬಿಡಿ" ಅಂದಳು ಆಕಿ.

ತೆರಿಮ್ಯಾಲೆ ಪದರ ಪದರ.
ಎದಿಗೂಡು ಗಂಟಿಯಂಗ, ಮ್ಯಾಲೆ ಸಣ್ಣ, ಕೆಳಗ ಅಗಲ,
ನಡುವ ಹೃದಯ, ಮನಿತುಂಬ ಒಬ್ಬನ ಕುಂತಂಗ.
ಅದರ ಬೆನ್ನಿಗೆ ಆನಿಸಿ ಎರಡು ಪುಪ್ಪಸ,
ಕರದ್ರೂ ಬರದ ಹುಡುಗರಂಗ, ಮುದ್ದಿಯಾಗಿ.
ಕಿಲ್ಲೇದಾರ ಮೇಡಂ ಗೆರಿ ಎಳದು ಅಳದರು.
ಅರ್ಧಕ್ಕೂ ಅರ್ಧ.
"ಕೆಳಗ ಇಳಿ" ಅಂದರು. ಇಳಿದೆ.
ಮೂತ್ರಪಿಂಡ ಇರಬೇಕಾದಲ್ಲಿ
ಕರುಳು ಬಂದು ಮಲಗಿತ್ತು.

ಕೂಸು ಉಚ್ಚಿ ಹೊಯ್ದರ ಒಳಗ ನೀರು,
ಆ ನೀರೇ ಎಳದು ಬಿಟ್ಟು, ಎಳದು ಬಿಟ್ಟು
ಉಸಿರಾಟ ಕಲೀಬೇಕು ಎದಿ.
ನಮ್ಮದು ಹಿನ್ನೀರಾಗ ಮುಳುಗಿದ ಊರು.
ನಮ್ಮಪ್ಪ ಬಾಗಿಲ ಚೌಕಟ್ಟು ಕಿತ್ತು
ಟ್ರ್ಯಾಕ್ಟರಿನಾಗ ಹೇರಿಕೊಂಡು ಈ ಸೆಕ್ಟರಿಗೆ ಬಂದಾವ.
ಇಲ್ಲಿ ನೀರು ಸಾಲದ ಹೋತು ಅಂದ್ರ,
ಅದೂ ಒಂದು ತಂಬಿಗಿ...

ಹೊರಗ ಬೆಂಚಿನ ಮ್ಯಾಲೆ ಫಕೀರವ್ವ:
"ಗ್ರಹಣದ ದಿನ ಅಂಗಳಕ್ಕ ಹೋಗಿದ್ದಳು ಇಕಿ.
ತುಂಬಿದ ಕೊಡಾ ಎತ್ತಿದ್ದಳು. ಹೇಳಿದ್ನಿ ನಾ."
ರಿಪೋರ್ಟಿನಾಗ ಇದಕ್ಕ ಖಾನೆ ಇಲ್ಲ.
ಬಾಜೂಕ ಕುಂತೆ.
ಇದು ಆಗಿದ್ದು ಹೊಟ್ಟಿ ಕಾಣೂಕೂ ಮೊದಲ ಯವ್ವಾ,
ನಿನಗ ಸುದ್ದಿ ಮುಟ್ಟೂಕೂ ಮೊದಲ.
ಆಗ ಗ್ರಹಣ ಇರಲಿಲ್ಲ. ಕೊಡಾ ಇರಲಿಲ್ಲ.

ಸುಮ್ಮನಿದ್ದಳು.
ಧೋತರ ಸರಿಸಿ ಎದಿಮ್ಯಾಲೆ ಹೆಬ್ಬೆರಳು ಆಡಿಸಿದಳು,
ಹೊಲಿಗಿ ಹುಡುಕಿ. ಇರಲಿಲ್ಲ.
"ಎಷ್ಟಿತ್ತು ಅಂದ್ರಿ ಪುಪ್ಪಸ?"
ನನ್ನ ಹೆಬ್ಬೆರಳ ಗೆಣ್ಣು ತೋರಿಸಿದೆ.
ತನ್ನದನ್ನ ಅದಕ್ಕ ಹಚ್ಚಿ ನೋಡಿದಳು.
"ರುದ್ರಿ ಮಲಗ್ಯಾಳೇನು ನೋಡತೀನಿ," ಅಂತ ಎದ್ದು
ಎರಡು ಹೆಜ್ಜಿ ಹೋಗಿ ತಿರುಗಿ ಬಂದಳು:
"ಪಿನ್ನು ಕೊಡ್ರಿ."