ಹಿಡಿ

ಬೆಳಗಿನ ಜಾವ ನಾಲ್ಕಕ್ಕೆ ಇತೊಮಾನ್ ಬಂದರಿನಲ್ಲಿ
ಮಂಜುಗಡ್ಡೆಯ ಮೊದಲ ಬೊಗಸೆ
ಮೀನಿಗಲ್ಲ, ನನ್ನ ಬಲಗೈಗೆ.
ಗುರುಕುನ್ ಬದುಕಿದ್ದಾಗ ನೀಲಿ, ಸತ್ತ ಮೇಲೆ ಕೆಂಪು.
ನನ್ನ ಗೆಣ್ಣುಗಳದು ತಿರುಗಾಮುರುಗಾ:
ಗುದ್ದಿದ ರಾತ್ರಿ ಕೆಂಪು,
ಮರುದಿನ ನೀಲಿ.

ಪಕ್ಕದಂಗಡಿಯ ಉಶಿ ಅಜ್ಜಿ ಕೇಳುತ್ತಾಳೆ,
"ಯಾರ ಮೇಲೆ ಸಿಟ್ಟು, ಮಿತ್ಸುಯೊ?"
ಯಾರ ಮೇಲೂ ಇಲ್ಲ. ಅದೊಂದು ಹಲಗೆ.
ಬುಡ ನೆಲದಲ್ಲಿ, ತುದಿಗೆ ಸುತ್ತಿದ ಹುಲ್ಲುಹಗ್ಗ,
ಎದೆಯೆತ್ತರ. ಹೆಸರು ಮಕಿವಾರ.
ನನಗೇನೂ ಕೆಡುಕು ಮಾಡಿದ್ದಲ್ಲ ಅದು.

ದಿನಕ್ಕೆ ಇನ್ನೂರು ಗುದ್ದು, ನಾನೇ ಹಾಕಿಕೊಂಡ ಲೆಕ್ಕ.
ಮುಟ್ಟು ನಿಂತ ವರ್ಷ ಮುನ್ನೂರು ಮಾಡಿದೆ,
ಈ ಮೈಗೆ ಯಜಮಾನಿ ಯಾರೆಂದು ತೋರಿಸೋಣವೆಂದು.
ಮೈ ತೋರಿಸಿತು.
ಮೊದಲು ಗೆಣ್ಣು, ಆಮೇಲೆ ಮಣಿಕಟ್ಟು,
ಆಮೇಲೆ ಮೊಣಕೈಯೊಳಗೆ ಎಲ್ಲೋ ಒಂದು ಮರಳುಕಣ.
ಎದ್ದಾಗ ಕೈ ಹಿಡಿದುಕೊಂಡಿರುತ್ತದೆ.
ಏನನ್ನು ಹಿಡಿದುಕೊಂಡಿದೆ ಎಂದು ನೋಡಿದರೆ
ಏನೂ ಇಲ್ಲ.
ಸೋಯಾ ಸಾಸಿನ ಮುಚ್ಚಳ ತೆಗೆಯಲು
ಬಾಗಿಲ ಸಂದಿಗೆ ಸಿಕ್ಕಿಸಬೇಕು.

ಕ್ಲಿನಿಕ್ಕಿನ ಹುಡುಗ ಡಾಕ್ಟರ್ ಎಕ್ಸ್‌ರೇ ನೋಡಿ ಹೇಳಿದ,
"ಮೂಳೆ ಮುರಿದಿಲ್ಲ, ಕೀಲು ಸವೆದಿದೆ. ಗುದ್ದುವುದು ನಿಲ್ಲಿಸಿ."
"ಮೀನು ಕತ್ತರಿಸುವುದು?"
ಸ್ವಲ್ಪ ಹೊತ್ತು ಸುಮ್ಮನಿದ್ದ.
"ಅದು ಕೆಲಸ ಅಲ್ಲವೆ," ಅಂದ.

ಉಶಿ ಅಜ್ಜಿ ಅವಮೋರಿಯಲ್ಲಿ ನೆನೆಹಾಕಿದ ಮಾಚಿಪತ್ರೆ ಕೊಟ್ಟಳು.
ಹಚ್ಚಿದ್ದು ಅರ್ಧ, ಕುಡಿದದ್ದು ಅರ್ಧ.
ಯಾವುದು ನಾಟಿತೋ ಹೇಳಲಾರೆ, ಆ ರಾತ್ರಿ ನಿದ್ದೆ ಬಂತು.

ಕೊನೆಗೆ ಮಾಎಶಿರೋ ಮೇಷ್ಟ್ರ ಮನೆಗೆ ಹೋದೆ.
ಎಂಬತ್ತೊಂದು ಅವರಿಗೆ. ಗೆಣ್ಣುಗಳೆಲ್ಲ ಸೇರಿ ಒಂದೇ ಗುಡ್ಡ.
ಹುಡುಗಿಯಾಗಿದ್ದಾಗ ಆ ಗುಡ್ಡ ನೋಡಿಯೇ
ನಾನು ಈ ವಿದ್ಯೆಗೆ ಬಿದ್ದದ್ದು.
ಯಾರದೋ ಮದುವೆಗೆ ಹೊರಟಿದ್ದರು.
ಕೈಹಿಡಿದವಳು ಎದುರು ಮೊಣಕಾಲೂರಿ
ಅಂಗಿಯ ಗುಂಡಿ ಹಾಕುತ್ತಿದ್ದಳು, ಕೆಳಗಿನಿಂದ ಮೇಲಕ್ಕೆ,
ಮಗುವಿಗೆ ಹಾಕುವ ಹಾಗೆ.
ಅವರು ಗೋಡೆ ನೋಡುತ್ತಿದ್ದರು.
ನಾನು ನನ್ನ ಚಪ್ಪಲಿ ನೋಡಿದೆ.

"ನನಗೆ ಯಾರೂ ಸಾಕು ಅನ್ನಲಿಲ್ಲ," ಅಂದರು.
"ಅಂದಿದ್ದರೂ ಕೇಳುತ್ತಿರಲಿಲ್ಲ. ನೀನು ಕೇಳುತ್ತೀಯ?"
ಗೊತ್ತಿಲ್ಲ ಅಂದೆ.

ಆಕೆ ರೇಷ್ಮೆಯ ಮೇಲೊಂದು ಏಪ್ರನ್ ಕಟ್ಟಿ
ಹಿತ್ತಿಲಿಗೆ ನಡೆದಳು, ಕೈಯಲ್ಲಿ ಉಜ್ಜುಗೊರಡು.
ಈ ಮನೆಯ ಹಲಗೆಗಳನ್ನೆಲ್ಲ ನಲವತ್ತು ವರ್ಷ
ಅವಳೇ ಹೆರೆದದ್ದಂತೆ. ನನಗೆ ತಿಳಿದಿರಲಿಲ್ಲ.
ಸುರುಳಿ ಸುರುಳಿಯಾಗಿ ಹೊಟ್ಟು ಬಿತ್ತು ಅವಳ ಬಿಳಿ ಕಾಲುಚೀಲದ ಮೇಲೆ.
"ಹಲಗೆ ಬಾಗಬೇಕು," ಅಂದಳು,
"ಇಲ್ಲವಾದರೆ ನೀನು ಬಾಗಬೇಕಾಗುತ್ತದೆ.
ಇವರು ಪ್ರತಿ ಸಲ ದಪ್ಪ ಬಿಡು ಅನ್ನುತ್ತಿದ್ದರು.
ಬಿಡುತ್ತಿದ್ದೆ."

ಮೇಷ್ಟ್ರು ಹುಲ್ಲುಹಗ್ಗದ ಮೇಲೆ ನನ್ನ ಕೈಯಿಟ್ಟರು.
"ಇವತ್ತಿಗೆ ಇಷ್ಟು. ಮುಟ್ಟು.
ಮಣಿಕಟ್ಟು ನೆಟ್ಟಗಿದೆಯೇ, ಎರಡು ಗೆಣ್ಣು ಮಾತ್ರ ತಾಗಿದೆಯೇ ನೋಡು.
ನೋವು ಬಾಗಿಲು ತಟ್ಟುವ ಮುಂಚೆ ಮನೆಗೆ ಹೋಗು."
ಮದುವೆಗೆ ಅವರಿಗೆ ತಡವಾಯಿತು.

ಆರು ವಾರ ಮುಟ್ಟಿದೆ.
ಅಕ್ಕಿ ಡಬ್ಬದಲ್ಲಿ ಬೆರಳು ಹೂತು
ಬಿಚ್ಚಿದೆ, ಮಡಿಸಿದೆ, ಬಿಚ್ಚಿದೆ.
ಮೊದಮೊದಲು ಎತ್ತಿದ್ದೆಲ್ಲ ಸಂದಿಯಿಂದ ಸೋರಿತು.
ಒಂದು ಸಂಜೆ ಪೂರ್ತಿ ಒಂದು ಹಿಡಿ ಮೇಲೆ ಬಂತು.
ಅದನ್ನೇ ಬೇಯಿಸಿಕೊಂಡು ಉಂಡೆ.

ಸುಳ್ಳು ಹೇಳುವುದಿಲ್ಲ:
ಕಳೆದ ಮಂಗಳವಾರ, ಬಿರುಗಾಳಿಯ ಮುನ್ನಾದಿನ,
ದೋಣಿ ಯಾವುದೂ ಹೊರಡದೆ ಕೈ ಖಾಲಿಯಿದ್ದಾಗ,
ನೂರು ದಾಟಿಬಿಟ್ಟೆ.
ಹಲಗೆ ಬಾಗಿ ಬಾಗಿ ಎದ್ದು ನಿಂತಿತು.
ಎಷ್ಟು ಚೆನ್ನಾಗಿತ್ತು ಆ ಸದ್ದು!

ಗಾಳಿ ನಿಂತ ಬೆಳಿಗ್ಗೆ ಗುರುಕುನ್‌ಗಳು
ಬುಟ್ಟಿಯಲ್ಲಿ ಕೆಂಪಾಗಿ, ಕಣ್ಣು ಬಿಟ್ಟುಕೊಂಡು,
ನನ್ನ ಕೈಯ ಸರದಿ ಮುಗಿಯಲೆಂದು ಕಾದವು.