ಪ್ರತಿ, ಮಾಹಿತಿಗಾಗಿ

ಅರಸೀಕೆರೆಯ ತಾಲ್ಲೂಕು ಆರೋಗ್ಯ ಕಚೇರಿಯಲ್ಲಿ
ನನ್ನದು ರವಾನೆ ಮೇಜು.
ಬಂದ ಕಾಗದಕ್ಕೊಂದು ಸಂಖ್ಯೆ, ಹೋದ ಕಾಗದಕ್ಕೊಂದು ಸಂಖ್ಯೆ,
ನಡುವೆ ಗೋಂದಿನ ಬಾಟಲಿ, ಮುಚ್ಚಳ ಕಚ್ಚಿಕೊಂಡದ್ದು.

ಹನ್ನೊಂದು ವರ್ಷದಿಂದ ಅದೇ ಕೊನೆಯ ಸಾಲು:
‘ಪ್ರತಿಯನ್ನು ಮಾಹಿತಿಗಾಗಿ ಹಾಗೂ ಮುಂದಿನ ಕ್ರಮಕ್ಕಾಗಿ.’
ಮಾಹಿತಿ ಯಾರಿಗೆ ಮುಟ್ಟಿತು, ಕ್ರಮ ಎಷ್ಟು ಮುಂದೆ ಹೋಯಿತು,
ಅದಕ್ಕೆ ನನ್ನ ರಿಜಿಸ್ಟರಿನಲ್ಲಿ ಕಾಲಂ ಇಲ್ಲ.

ಆ ತಿಂಗಳು ಬಂದದ್ದು ಅರ್ಧ ಹಾಳೆ.
ಸ್ಕ್ಯಾನಿಂಗ್ ಡಾಕ್ಟರು ಇನ್ನು ಶುಕ್ರವಾರ ಬರುವುದಿಲ್ಲ, ಮಂಗಳವಾರ.
ಅಷ್ಟೇ. ಒಂದು ವಾರದ ಹೆಸರು ಹೋಗಿ ಇನ್ನೊಂದು.
ಫೋಟೋ ತೆಗೆದು ಗ್ರೂಪಿಗೆ ಹಾಕಿದೆ, ಮೂರು ಹೆಬ್ಬೆರಳು ಬಿದ್ದವು.
ಮೇಲೆ ಯಾರದೋ ಹುಟ್ಟುಹಬ್ಬದ ಕೇಕು,
ಕೆಳಗೆ ಲಸಿಕೆಯ ಗುರಿ, ಡೆಂಗಿಯ ನಮೂನೆ,
ಗುಲಾಬಿಯೊಳಗೊಂದು ಶುಭೋದಯ.
ನನ್ನ ಅರ್ಧ ಹಾಳೆ, ಸಂತೆಯಲ್ಲಿ ಕೈತಪ್ಪಿದ ಮಗು.

ಶುಕ್ರವಾರ ಹತ್ತೂವರೆ.
ಕಾರಿಡಾರಿನ ಬೆಂಚಿನಲ್ಲಿ ತೇಜಾವತಿ,
ಕಣಕಟ್ಟೆ ಕಡೆಯವಳು, ಐದು ತಿಂಗಳು.
ಕೊಬ್ಬರಿ ಮಂಡಿಯ ಕೂಲಿ ಬಿಟ್ಟು ಬಂದವಳು
ಯಾರೋ ಹೇಳಿದರೆಂದು ಎರಡು ಬಾಟಲಿ ನೀರು ಕುಡಿದು,
ಎದ್ದರೆ ಸರದಿ ತಪ್ಪೀತೆಂದು ಏಳದೆ ಕೂತಿದ್ದಳು.
ಬೀಗ ಹಾಕಿದ ಬಾಗಿಲಿಗೆ ಎಲ್ಲಿಯ ಸರದಿ?
ನಾನು ಎರಡು ಸಲ ಹಾದುಹೋದೆ,
ಟೀಗೆ ಒಮ್ಮೆ, ಜೆರಾಕ್ಸಿಗೆ ಒಮ್ಮೆ.
ಮೂರನೆಯ ಸಲ, ಜೊತೆಗಿದ್ದ ಆಶಾ ಕಾರ್ಯಕರ್ತೆ ತಡೆದು ಕೇಳಿದಳು,
‘ಸಾರ್, ಡಾಕ್ಟ್ರು ಊಟಕ್ ಹೋಗವ್ರಾ?’

ಏನನ್ನಲಿ? ವಾರವನ್ನೇ ದಾಟಿ ಹೋಗವ್ರೆ.

ಗಂಗಮಾಳಮ್ಮ ಬಯ್ಯಲಿಲ್ಲ.
ಬೈದಿದ್ದರೆ ಅದಕ್ಕೂ ಒಂದು ಸಂಖ್ಯೆ ಕೊಡಬಹುದಿತ್ತು.
ಹುಡುಗಿಯ ರಟ್ಟೆ ಹಿಡಿದು ಎಬ್ಬಿಸುತ್ತ ಅಂದದ್ದಿಷ್ಟು:
‘ನಮ್ಮ ಸಿಸ್ಟರ್‌ಗೂ ಗೊತ್ತಿಲ್ಲ ಸಾರ್.
ಅವ್ರ್ ಹೇಳಿದ್ದ ನಂಬ್ಕಂಡು ನಾನು, ನಾನ್ ಹೇಳಿದ್ದ ನಂಬ್ಕಂಡು ಇವ್ಳು.
ನಾಳಿಕೆ ಇನ್ನೊಂದ್ ಹೇಳಕ್ ಹೋದ್ರೆ
ಹೋಗಮ್ಮ ನೀನು ಅಂತಾರೆ.’

ಸಂಜೆ, ಜವಾನ ಫ್ಯಾನು ನಿಲ್ಲಿಸಿ ಹೋದ ಮೇಲೆ
ಪಟ್ಟಿ ಮುಂದಿಟ್ಟುಕೊಂಡು ಫೋನು ಹಚ್ಚಿದೆ, ಒಂದೊಂದೇ ಕೇಂದ್ರ.
ಬಾಣಾವರದ ಫಾರ್ಮಸಿಸ್ಟ್ ಗಂಗಾಧರಸ್ವಾಮಿಗೆ ದಿಗಿಲು:
‘ಯಾಕ್ ಸಾರ್, ಇನ್‌ಸ್ಪೆಕ್ಷನ್ನಾ?’
ಗಂಡಸಿಯ ಫಿಲೋಮಿನಾ ಸಿಸ್ಟರ್ ಹೆರಿಗೆಯ ನಡುವೆ.
‘ಹೇಳಿ, ಸ್ಪೀಕರಿಗೆ ಹಾಕಿದೀನಿ.’
ನನ್ನ ಮಂಗಳವಾರದ ಮೇಲೆ ಒಂದು ಮಗು ಅತ್ತಿತು.
ಜಾವಗಲ್ಲಿನ ಲ್ಯಾಬಿನಲ್ಲಿ ನೂರ್‌ಫಾತಿಮಾ
ಬರೆದುಕೊಂಡಳು, ಬರೆದದ್ದನ್ನು ಓದಿ ಹೇಳಿದಳು,
ಆಮೇಲೆ ಮೆಲ್ಲಗೆ, ‘ಕಫ ಪರೀಕ್ಷೆ ಮಿಷನ್ನು ಈಗೆಲ್ಲಿದೆ ಸಾರ್?
ನಾಲ್ಕು ತಿಂಗಳಿಂದ ನಮ್ಮ ಡಬ್ಬಿಗೆ ಉತ್ತರವೇ ಇಲ್ಲ.’

ಕಡತ ತಡಕಿದೆ. ಅದೂ ಜಾಗ ಬದಲಿಸಿತ್ತು.
ಅದಕ್ಕೂ ಸಂಖ್ಯೆ ಕೊಟ್ಟಿದ್ದವನು ನಾನೇ,
ನನ್ನದೇ ದುಂಡನೆಯ ಅಕ್ಷರ.

ಒಂದು ಕೇಂದ್ರ ಮಾತ್ರ ಸಿಗಲಿಲ್ಲ, ತೇಜಾವತಿಯ ಊರಿನ ಕಡೆಯದೇ.
ಚೀಟಿ ಬರೆದು ಕೊನೆ ಬಸ್ಸಿನ ಕಂಡಕ್ಟರ್ ಕೈಗಿಟ್ಟೆ.
ಟಿಕೆಟ್ ಕಟ್ಟಿನ ರಬ್ಬರಿಗೆ ಸಿಕ್ಕಿಸಿಕೊಂಡ,
‘ಔಷಧಿ ಅಂಗ್ಡಿ ಹತ್ರ ಕೊಟ್ರೆ ಸಾಕಲ್ವ?’
ರಿಜಿಸ್ಟರಿನ ಅಂಚಿಗೆ ಪೆನ್ಸಿಲಿನಲ್ಲಿ ಬರೆದೆ: ಬಸ್ಸು, ೬.೨೦.

ಮಂಗಳವಾರ ಬೆಂಚಿನಲ್ಲಿ ಆರು ಜನ. ಅವಳಿರಲಿಲ್ಲ.
ಮುಂದಿನ ಮಂಗಳವಾರ ಇದ್ದಳು,
ನನ್ನನ್ನು ನೋಡಿ ಸೆರಗು ಸರಿಮಾಡಿಕೊಂಡು ಬೇರೆಡೆ ನೋಡಿದಳು.

ತಿಂಗಳಾದ ಮೇಲೆ ಲಸಿಕೆ ಪೆಟ್ಟಿಗೆಯ ಜೀಪು ಹತ್ತಿ ಆ ಕಡೆ ಹೋದೆ.
ಉಪಕೇಂದ್ರದ ಕರಿಹಲಗೆಯ ಮೇಲೆ ದಪ್ಪಗೆ ‘ಮಂಗಳವಾರ’.
ಒಣಗೈಯಲ್ಲಿ ಒರೆಸಿದ್ದರೋ ಏನೋ
ಅದರಡಿಯಲ್ಲಿ ‘ಶುಕ್ರವಾರ’ ಇನ್ನೂ ಬೆಳ್ಳಗೆ ಉಸಿರಾಡುತ್ತಿತ್ತು.
ಸೊಸೆಯನ್ನು ಕರೆತಂದಿದ್ದ ಹೆಂಗಸೊಬ್ಬಳು
ಕಣ್ಣು ಕಿರಿದು ಮಾಡಿ ಹಲಗೆಯನ್ನೂ ನನ್ನನ್ನೂ ನೋಡಿದಳು:
‘ಇದ್ರಾಗೆ ಯಾವ್ದಪ್ಪ?’

ಒದ್ದೆ ಬಟ್ಟೆ ಇದೆಯಾ, ಕೇಳಿದೆ.